ಏಳು ದಿನ ಏಳು ಬ್ಲೇಡು ಬದಲಿಸಿದರೂ ಕುತ್ತಿಗೆಯ ಉರಿ ಹೆಚ್ಚುತ್ತಲೇ ಇದೆ: ತಪ್ಪು ಬ್ಲೇಡಿನದೋ ನನ್ನದೋ?

ಹೊಸಅಲಗು:

ಎಲ್ಲರಿಗೂ ನಮಸ್ಕಾರ. ಕಾರ್ಟ್ರಿಜ್ ರೇಜರ್ ಬಿಟ್ಟು, ಎರಡು ಅಂಚಿನ ಬ್ಲೇಡು ಹಾಕುವ ಸೇಫ್ಟಿ ರೇಜರ್ ಹಿಡಿದು ಇಂದಿಗೆ ಎಂಟು ದಿನ. ರೇಜರ್ ಮೂರು ಬಿಡಿಭಾಗಗಳದು, ಹೊಸಬರಿಗೆ ಒಗ್ಗುವ ಸೌಮ್ಯ ಮಾದರಿ. ನನ್ನ ಮುಖಕ್ಕೆ ಯಾವ ಬ್ಲೇಡು ಹೊಂದುತ್ತದೆಂದು ನಾನೇ ಪರೀಕ್ಷಿಸಿ ತಿಳಿಯಬೇಕೆಂಬ ಆಸೆಯಿಂದ ಹತ್ತು ಬಗೆಯ ಬ್ಲೇಡುಗಳ ಮಾದರಿ ಕಟ್ಟು ತರಿಸಿಕೊಂಡೆ. ಒಂದೊಂದು ಬಗೆಯಲ್ಲೂ ಐದೈದು ಬ್ಲೇಡುಗಳಿವೆ. ಪ್ರತಿದಿನ ಬೆಳಿಗ್ಗೆ ಒಂದು ಹೊಸ ಬಗೆ ಹಾಕುತ್ತೇನೆ, ಮುಗಿದ ಮೇಲೆ ಹತ್ತಕ್ಕೆ ಎಷ್ಟು ಅಂಕವೆಂದು ಪುಸ್ತಕದಲ್ಲಿ ಬರೆದಿಡುತ್ತೇನೆ.

ಏಳು ದಿನಗಳ ಅಂಕಗಳು ಕ್ರಮವಾಗಿ 7, 6, 4, 2, 3, 2, 2. ನಾಲ್ಕನೆಯ ದಿನದ್ದು ಬಹಳ ಹರಿತವೆಂದು ಹೇಳುವ ಬ್ಲೇಡು. ಕೊನೆಯ ಎರಡು ದಿನ ಹಾಕಿದ್ದು ತೀರಾ ಮೃದುವೆಂದು ಹೆಸರಾದವು. ಆದರೂ ಅಂಕ ಮೇಲೇರಲಿಲ್ಲ.

ಈಗ ಗಂಟಲ ಗಂಟಿನ ಎರಡೂ ಬದಿ ಕೆಂಪು ಚುಕ್ಕೆಗಳು ಎದ್ದಿವೆ. ಬಲ ದವಡೆಯ ಕೆಳಗೆ ಎರಡು ಗೀರು. ಸ್ನಾನದ ನೀರು ತಾಗಿದರೂ ಉರಿಯುತ್ತದೆ. ಕೆನ್ನೆಗಳು ಮಾತ್ರ ಚೆನ್ನಾಗಿವೆ. ಉರಿ ತಾಳಲಾರದೆ ಇಂದು ಕ್ಷೌರ ಬಿಟ್ಟಿದ್ದೇನೆ. ಉಳಿದ ಮೂರು ಬಗೆಗಳನ್ನೂ ನೋಡಿಬಿಡಲೇ? ರೇಜರೇ ಸರಿಯಿಲ್ಲವೇ? ಅಥವಾ ನನ್ನ ಚರ್ಮಕ್ಕೆ ಈ ವಿಧಾನ ಆಗುವುದಿಲ್ಲವೇ?

ಹಳೆಹಿಡಿಕೆ:

ಇಂದು ಬಿಟ್ಟದ್ದು ಒಳ್ಳೆಯದಾಯಿತು. ಉರಿ ಪೂರ್ತಿ ಇಳಿಯುವವರೆಗೆ ಇನ್ನೂ ನಾಲ್ಕೈದು ದಿನ ಗಡ್ಡ ಬೆಳೆಯಲಿ. ಚುಕ್ಕೆಗಳಲ್ಲಿ ಕೀವು ಕಂಡರೆ, ಅಥವಾ ವಾರ ಕಳೆದರೂ ಕೆಂಪು ಇಳಿಯದಿದ್ದರೆ, ಚರ್ಮರೋಗ ವೈದ್ಯರಿಗೆ ತೋರಿಸಿ.

ಅಷ್ಟರಲ್ಲಿ ನಾಲ್ಕು ವಿಷಯ ತಿಳಿಸಿ. ರೇಜರ್ ಎಳೆಯುವಾಗ ಕೂದಲು ಜಗ್ಗಿದಂತಾಗುತ್ತದೆಯೇ, ಅಥವಾ ಎಳೆಯುವಾಗ ಏನೂ ಅನಿಸದೆ ಆಮೇಲೆ ಉರಿಯುತ್ತದೆಯೇ? ರೇಜರಿನ ಒಂದು ಬದಿಗೂ ಇನ್ನೊಂದು ಬದಿಗೂ ವ್ಯತ್ಯಾಸ ಕಾಣುತ್ತದೆಯೇ? ಕುತ್ತಿಗೆಯ ಮೇಲೆ ಎಷ್ಟು ಸುತ್ತು, ಯಾವ ದಿಕ್ಕಿನಲ್ಲಿ? ಬ್ಲೇಡು ಹಾಕಿ ತಿರುಪು ಬಿಗಿಸುವಾಗ ರೇಜರನ್ನು ಹೇಗೆ ಹಿಡಿದಿರುತ್ತೀರಿ?

ಹೊಸಅಲಗು:

ಜಗ್ಗುವುದಿಲ್ಲ ಸರ್, ಮುಗಿದ ಮೇಲೆ ಉರಿ. ಮೊದಲ ಎರಡು ದಿನ ಅದೂ ಇರಲಿಲ್ಲ.

ಬದಿಗಳ ವ್ಯತ್ಯಾಸ ನೀವು ಕೇಳಿದ ಮೇಲೆ ನೆನಪಾಯಿತು. ಒಂದು ಬದಿಯಲ್ಲಿ ಕೂದಲು ಕತ್ತರಿಸುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ, ತಿರುಗಿಸಿ ಹಿಡಿದರೆ ಬಹುತೇಕ ಮೌನ. ಮೌನವಾದ ಬದಿಯಲ್ಲಿ ಕೂದಲು ಉಳಿಯುವುದರಿಂದ ಸ್ವಲ್ಪ ಒತ್ತುತ್ತೇನೆ. ಕುತ್ತಿಗೆಯ ಮೇಲೆ ಮೂರು ಸುತ್ತು: ಮೇಲಿಂದ ಕೆಳಕ್ಕೆ, ಅಡ್ಡಲಾಗಿ, ಕೊನೆಗೆ ಕೆಳಗಿಂದ ಮೇಲಕ್ಕೆ. ಬ್ಲೇಡು ಹಾಕುವಾಗ ರೇಜರನ್ನು ನೆಟ್ಟಗೆ, ತಲೆ ಮೇಲಾಗಿ ಹಿಡಿದು ಕೆಳಗಿನಿಂದ ಹಿಡಿಕೆ ತಿರುಗಿಸುತ್ತೇನೆ.

ಹಳೆಹಿಡಿಕೆ:

ನಿಮ್ಮ ಅಂಕಗಳನ್ನು ಬ್ಲೇಡುಗಳ ಹೆಸರು ಮುಚ್ಚಿ ಇನ್ನೊಮ್ಮೆ ಓದಿ. 7, 6, 4, 2, 3, 2, 2. ಹರಿತದ ಬ್ಲೇಡು ಬಂದರೂ ಮೃದುವಾದದ್ದು ಬಂದರೂ ಸಾಲು ಇಳಿಯುತ್ತಲೇ ಹೋಗಿದೆ. ಬ್ಲೇಡುಗಳು ಕಾರಣವಾಗಿದ್ದರೆ ಅಂಕಗಳು ಏರಿಳಿಯಬೇಕಿತ್ತು. ಎರಡನೆಯ ದಿನದ ಬ್ಲೇಡಿಗೆ ಸಿಕ್ಕಿದ್ದು ಮೊದಲ ದಿನದ ಬ್ಲೇಡು ಹೆರೆದು ಬಿಟ್ಟ ಚರ್ಮ, ಮೂರನೆಯದಕ್ಕೆ ಎರಡು ದಿನಗಳ ಸವೆತ. ಏಳನೆಯದಕ್ಕೆ ನೀವು ಕೊಟ್ಟ 2 ಅಂಕದಲ್ಲಿ ಆ ಬ್ಲೇಡಿನ ಪಾಲು ಎಷ್ಟೆಂದು ಯಾರೂ ಹೇಳಲಾರರು. ಪ್ರತಿದಿನ ಬ್ಲೇಡು ಬದಲಿಸುವ ಪರೀಕ್ಷೆಯಲ್ಲಿ ಅಳೆಯುವುದು ನಿನ್ನೆಯ ಗಾಯವನ್ನು. ಆದ್ದರಿಂದ ಯಾವ ಬ್ಲೇಡನ್ನೂ ತಿರಸ್ಕರಿಸಬೇಡಿ. 2 ಅಂಕ ಪಡೆದವುಗಳನ್ನಂತೂ ಖಂಡಿತ ಎತ್ತಿಡಿ.

ಈಗ ಬದಿಗಳ ವಿಷಯ. ನಿಮ್ಮ ತೊಂದರೆಯ ಮುಖ್ಯ ಬೇರು ಇಲ್ಲೇ ಇದೆ ಎಂದು ನನಗನಿಸುತ್ತದೆ. ಈ ಬ್ಲೇಡಿನ ದಪ್ಪ ಸುಮಾರು 0.1 ಮಿ.ಮೀ. ಮಾತ್ರ. ಕಿಂಗ್ ಕ್ಯಾಂಪ್ ಜಿಲೆಟ್ 1901ರಲ್ಲಿ ಅರ್ಜಿ ಹಾಕಿ 1904ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದ ಜೀವಾಳವೇ ಇದು: ಬ್ಲೇಡು ತೆಳುವಾಗಿ ಬಾಗುವಂತಿರಲಿ, ಅದಕ್ಕೆ ಬೇಕಾದ ಬಿಗಿಯನ್ನು ಹಿಡಿದುಕೊಳ್ಳುವ ತಲೆ ಕೊಡಲಿ. ಹೀಗಾಗಿ ಬ್ಲೇಡು ತಲೆಯೊಳಗೆ ಕೂದಲೆಳೆಯಷ್ಟು ಸರಿದು ಕೂತರೂ ಒಂದು ಅಂಚು ಹೆಚ್ಚು ಹೊರಚಾಚುತ್ತದೆ, ಎದುರಿನದು ಒಳಗೆ ಅಡಗುತ್ತದೆ. ಸದ್ದು ಮಾಡುವ ಬದಿ ನಿಮ್ಮನ್ನು ಗೀರಿದೆ, ಮೌನದ ಬದಿ ನಿಮ್ಮ ಕೈಯಿಂದ ಒತ್ತಿಸಿಕೊಂಡಿದೆ. ನೆಟ್ಟಗೆ ಹಿಡಿದು ಬಿಗಿಸಿದರೆ ಬ್ಲೇಡು ಸಡಿಲವಾದ ತಳದ ತಟ್ಟೆಯ ಮೇಲೆ ಕೂತು ಆಚೀಚೆ ಸರಿಯುತ್ತದೆ.

ಮುಂದಿನ ಸಲ ಕೈ ಒಣಗಿಸಿಕೊಂಡು ಮೇಲಿನ ಮುಚ್ಚಳವನ್ನು ಕವುಚಿ ಇಡಿ. ಅದರ ಗೂಟಗಳಿಗೆ ಬ್ಲೇಡು ಕೂರಿಸಿ, ಮೇಲೆ ತಳದ ತಟ್ಟೆ ಇಟ್ಟು, ಹಿಡಿಕೆಯನ್ನು ಮೇಲಿನಿಂದ ತಿರುಗಿಸಿ. ಬಿಗಿಸುವಾಗ ಬ್ಲೇಡಿನ ಹರಿತವಿಲ್ಲದ ಎರಡು ಗಿಡ್ಡ ತುದಿಗಳನ್ನು ಬೆರಳಲ್ಲಿ ಹಿಡಿದಿರಿ. ಆಮೇಲೆ ದೀಪದ ಕೆಳಗೆ ತಲೆಯನ್ನು ನೇರವಾಗಿ ನೋಡಿ: ಎರಡೂ ಬದಿ ಇಣುಕುವ ಉಕ್ಕಿನ ಗೆರೆ ಒಂದೇ ಅಗಲವಾಗಿರಬೇಕು. ಇಲ್ಲದಿದ್ದರೆ ಕಾಲು ಸುತ್ತು ಸಡಿಲಿಸಿ, ಗಿಡ್ಡ ತುದಿಗಳಿಂದ ಸರಿಸಿ, ಮತ್ತೆ ಬಿಗಿಸಿ. ನಾನು ಪ್ರತಿ ಹೊಸ ಬ್ಲೇಡಿಗೂ ಇದನ್ನು ಮಾಡುತ್ತೇನೆ, ಅರ್ಧ ನಿಮಿಷದ ಕೆಲಸ.

ಒತ್ತುವ ಚಾಳಿ ಕಾರ್ಟ್ರಿಜ್‌ನಿಂದ ಬಂದದ್ದು. ಅದರ ತಲೆ ತಾನೇ ವಾಲಿ ಕೋನ ಹೊಂದಿಸಿಕೊಳ್ಳುತ್ತದೆ, ಒತ್ತಿದರೂ ಬಹಳಮಟ್ಟಿಗೆ ಕ್ಷಮಿಸುತ್ತದೆ. ಇಲ್ಲಿ ಆ ಎರಡೂ ಕೆಲಸ ನಿಮ್ಮ ಮಣಿಕಟ್ಟಿನದು. ಹಿಡಿಕೆಯನ್ನು ತುದಿಯ ಹತ್ತಿರ ಸಡಿಲವಾಗಿ ಹಿಡಿಯಿರಿ, ತಲೆಯ ಲೋಹದ ಭಾರವೇ ಸಾಕು. ಕೋನ ಹುಡುಕಲು ಹಿಡಿಕೆಯನ್ನು ಕೆನ್ನೆಗೆ ಲಂಬವಾಗಿ, ಮುಚ್ಚಳ ಮಾತ್ರ ತಾಗುವಂತೆ ಇಟ್ಟು, ಎಳೆಯುತ್ತ ನಿಧಾನವಾಗಿ ಹಿಡಿಕೆ ಇಳಿಸಿ. ಕೂದಲು ಕತ್ತರಿಸುವ ಸದ್ದು ಎಲ್ಲಿ ಶುರುವಾಗುತ್ತದೆಯೋ ಅದೇ ನಿಮ್ಮ ಕೋನ. ಬ್ಲೇಡಿಗೂ ಚರ್ಮಕ್ಕೂ ನಡುವೆ ಸುಮಾರು 30 ಡಿಗ್ರಿ ಇರುತ್ತದೆ. ಕುತ್ತಿಗೆಯಲ್ಲಿ ಸದ್ಯಕ್ಕೆ ಒಂದೇ ಸುತ್ತು, ಕೂದಲು ಬೆಳೆದ ದಿಕ್ಕಿನಲ್ಲಿ. ಈ ನಾಲ್ಕು ದಿನಗಳ ಗಡ್ಡವನ್ನು ಬೆರಳಿಂದ ಸವರಿ ಯಾವ ಜಾಗದಲ್ಲಿ ಕೂದಲು ಯಾವ ಕಡೆ ಮಲಗಿದೆಯೆಂದು ಒಂದು ಚಿತ್ರ ಬರೆದುಕೊಳ್ಳಿ. ಕುತ್ತಿಗೆಯ ಕೂದಲು ಎಲ್ಲೆಡೆ ಕೆಳಮುಖವಾಗಿ ಬೆಳೆಯುವುದಿಲ್ಲ.

ಇಷ್ಟಾದ ಮೇಲೆ ಬ್ಲೇಡು. ಮೊದಲ ದಿನದ್ದನ್ನೇ, ಅಂದರೆ 7 ಅಂಕದ್ದನ್ನೇ, ಮೂರು ವಾರ ಬಳಸಿ. ಅದು ನಿಮ್ಮ ಅಳತೆಗೋಲು. ದಿನ ಬಿಟ್ಟು ದಿನ ಕ್ಷೌರ ಮಾಡಿದರೆ ಮೂರು ಬ್ಲೇಡುಗಳಲ್ಲಿ ಮುಗಿಯುತ್ತದೆ. ಬೇರೆಯದನ್ನು ಆಗ ತೆಗೆಯಿರಿ.

ನೊರೆಪ್ರಿಯ:

ಹಳೆಹಿಡಿಕೆಯವರ ಮಾತಿಗೆ ಎರಡು ಸೇರಿಸುತ್ತೇನೆ, ಒಂದರಲ್ಲಿ ನನ್ನ ಭಿನ್ನಾಭಿಪ್ರಾಯವಿದೆ.

ನೊರೆಯ ಬಗ್ಗೆ ಯಾರೂ ಕೇಳಲಿಲ್ಲ. ಒಣಗಿದ ಕೂದಲು ಬ್ಲೇಡಿಗೆ ಒಡ್ಡುವ ಪ್ರತಿರೋಧ ನೆನೆದ ಕೂದಲಿಗಿಂತ ಬಹಳ ಹೆಚ್ಚು. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ. ನೊರೆ ಗಾಳಿ ತುಂಬಿ ಉಬ್ಬಿರಬಾರದು, ಮೊಸರಿನಂತೆ ಹೊಳೆಯುತ್ತಿರಬೇಕು. ಎರಡು ಬೆರಳ ನಡುವೆ ಉಜ್ಜಿದರೆ ಜಾರಬೇಕು. ಗಡಸು ನೀರಾದರೆ ಸೋಪು ಸ್ವಲ್ಪ ಹೆಚ್ಚು ಬೇಕು. ಪರೀಕ್ಷೆ ನಡೆಯುವಷ್ಟು ದಿನ ಸೋಪು, ಬ್ರಷ್, ರೇಜರ್, ನೆನೆಸುವ ಹೊತ್ತು ಯಾವುದನ್ನೂ ಬದಲಿಸಬೇಡಿ. ಎರಡು ಕ್ಷೌರಗಳ ನಡುವಿನ ಅಂತರವೂ ಒಂದೇ ಇರಲಿ. ಗಡ್ಡ ದಿನಕ್ಕೆ ಸುಮಾರು 0.3ರಿಂದ 0.4 ಮಿ.ಮೀ. ಬೆಳೆಯುತ್ತದೆ, ಒಂದು ದಿನದ ಗಡ್ಡದ ಮೇಲೆ ಒಂದು ಬ್ಲೇಡು, ಮೂರು ದಿನದ ಗಡ್ಡದ ಮೇಲೆ ಇನ್ನೊಂದು ಹಾಕಿ ಹೋಲಿಸುವುದು ನ್ಯಾಯವಲ್ಲ.

ಭಿನ್ನಾಭಿಪ್ರಾಯ ಇದು: ಹೊಸ ಬ್ಲೇಡು ಮೊದಲ ಎಳೆತದಲ್ಲೇ ಕೂದಲನ್ನು ಜಗ್ಗಿದರೆ, ಅದನ್ನು ಮೂರು ವಾರ ಸಹಿಸಬಾರದು. ಜಗ್ಗುವ ಬ್ಲೇಡು ಕೈಯನ್ನು ಒತ್ತಲು ಪ್ರೇರೇಪಿಸುತ್ತದೆ, ಕಲಿಯುವವನಿಗೆ ಅದು ಕೆಟ್ಟ ಗುರು. ಅದೇ ಕಾರಣಕ್ಕೆ ಹೊಸಬರು ಹರಿತದ ಬ್ಲೇಡು ಮುಟ್ಟಲೇಬಾರದು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಗಡ್ಡ ಒರಟಾಗಿದ್ದವರಿಗೆ ಫೆದರ್‌ನಂತಹ ಹರಿತಕ್ಕೆ ಹೆಸರಾದ ಬ್ಲೇಡು ಹಗುರ ಕೈಯಲ್ಲಿ ಸಲೀಸಾಗಿ ನಡೆಯುವುದುಂಟು.

ಹಳೆಹಿಡಿಕೆ:

ಒಪ್ಪಿದೆ. ಈ ಸಹೋದರರ ಬ್ಲೇಡು ಜಗ್ಗುತ್ತಿರಲಿಲ್ಲವಾದ್ದರಿಂದ ಹಾಗೆ ಹೇಳಿದೆ. ಜಗ್ಗುವುದೂ ಉರಿಯುವುದೂ ಬೇರೆ ಬೇರೆ ದೂರುಗಳು. ಜಗ್ಗಿದರೆ ಅಲಗು ಮೊಂಡು ಅಥವಾ ಕೂದಲು ನೆನೆದಿಲ್ಲ. ಉರಿದರೆ ಒತ್ತಡ, ಕೋನ, ಸುತ್ತುಗಳ ಸಂಖ್ಯೆ ನೋಡಬೇಕು. ಅಂಕಗಳ ಪುಸ್ತಕದಲ್ಲಿ ಇವೆರಡಕ್ಕೂ ಪ್ರತ್ಯೇಕ ಕಾಲಂ ಇರಲಿ.

ಹೊಸಅಲಗು:

ಇಬ್ಬರಿಗೂ ಧನ್ಯವಾದ. ಇಂದೇ ಬಿಗಿಸಿ ನೋಡಿದೆ. ಹಳೆಯ ರೀತಿಯಲ್ಲಿ ಹಾಕಿದಾಗ ಒಂದು ಬದಿಯ ಗೆರೆ ನಿಜಕ್ಕೂ ಹೆಚ್ಚು ಅಗಲ! ಇನ್ನೆರಡು ಪ್ರಶ್ನೆ. ಒಂದು ಬ್ಲೇಡನ್ನು ಎಷ್ಟು ಬಾರಿ ಬಳಸಿ ತೀರ್ಮಾನಕ್ಕೆ ಬರಬೇಕು? ಹೆಸರುವಾಸಿ ಬ್ಲೇಡು ಹಾಕಿದಾಗ ಮನಸ್ಸು ಮೊದಲೇ ಅದರ ಕಡೆ ವಾಲಿರುತ್ತದೆ, ಅದಕ್ಕೇನು ಮಾಡುವುದು?

ಹಳೆಹಿಡಿಕೆ:

ಕನಿಷ್ಠ ಮೂರು ಬಾರಿ. ಅಲಗಿನ ಮೇಲೆ ಟೆಫ್ಲಾನ್ ಬಗೆಯ ತೆಳು ಲೇಪ ಇರುತ್ತದೆ, ಕೆಲವು ಬ್ಲೇಡುಗಳು ಎರಡನೆಯ ಬಾರಿಗೆ ಹೆಚ್ಚು ನಯವಾಗಿ ಹರಿಯುತ್ತವೆ. ಇನ್ನು ಕೆಲವು ಮೊದಲ ದಿನ ಅದ್ಭುತವೆನಿಸಿ ಮೂರನೆಯ ದಿನಕ್ಕೆ ಸೋಲುತ್ತವೆ. ಒಂದೇ ದಿನ ನೋಡಿದರೆ ಇವೆರಡೂ ತಪ್ಪಿಹೋಗುತ್ತವೆ. ಉಕ್ಕಿಗಿಂತ 50 ಪಟ್ಟು ಮೆದುವಾದ ಕೂದಲು ಅದನ್ನು ಹೇಗೆ ಮೊಂಡಾಗಿಸುತ್ತದೆ ಎಂಬುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸೂಕ್ಷ್ಮದರ್ಶಕದಡಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಂಚು ಸಮನಾಗಿ ಸವೆಯುವುದಕ್ಕಿಂತ ಹೆಚ್ಚಾಗಿ, ಕೂದಲು ಓರೆಯಾಗಿ ಬಾಗಿ ತಾಗಿದಲ್ಲಿ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಜಾಗಗಳಲ್ಲಿ, ಚೂರು ಚೂರಾಗಿ ಅಲಗು ಉದುರುತ್ತದೆ. ನಿನ್ನೆ ಚೆನ್ನಾಗಿದ್ದ ಬ್ಲೇಡು ಇಂದು ಒಂದೇ ಜಾಗದಲ್ಲಿ ಕಚ್ಚುವುದರಲ್ಲಿ ಹಾಗಾಗಿ ಆಶ್ಚರ್ಯವಿಲ್ಲ. ಹಾಗೆ ಕಚ್ಚಿದ ದಿನವೇ ತೆಗೆದುಬಿಡಿ, ಎಣಿಕೆ ಎಷ್ಟಿದ್ದರೂ ಸರಿ. ನೆನೆದ ಕೂದಲು, ಬಿಗಿಯಾಗಿ ಎಳೆದು ಹಿಡಿದ ಚರ್ಮ ಎರಡೂ ನಿಮಗೆ ನೆರವಾಗುತ್ತವೆ. ಬಳಸಿದ ಮೇಲೆ ನೀರಲ್ಲಿ ಜಾಲಿಸಿ ಕೊಡವಿ, ಅಂಚನ್ನು ಬಟ್ಟೆಯಿಂದ ಒರೆಸಬೇಡಿ.

ಕ್ರಮ ಹೀಗಿರಲಿ: ಅಳತೆಗೋಲಿನ ಬ್ಲೇಡು, ಮೂರು ಬಾರಿ ಹೊಸದು, ಮತ್ತೆ ಅಳತೆಗೋಲು, ಮತ್ತೊಂದು ಹೊಸದು. ನಡುವೆ ಹಿಂತಿರುಗದಿದ್ದರೆ ಬದಲಾದದ್ದು ಬ್ಲೇಡೋ ನಿಮ್ಮ ಕೈಪಳಗೋ ತಿಳಿಯುವುದಿಲ್ಲ.

ಮನಸ್ಸಿನ ಒಲವಿಗೆ ಮನೆಯ ಹಿರಿಯರೊಬ್ಬರ ಸಹಾಯ ಪಡೆಯಿರಿ. ಅವರೇ ಬ್ಲೇಡು ಹಾಕಿ ಕೊಡಲಿ, ಹೆಸರು ಮುಚ್ಚಳದೊಳಗೆ ಅಡಗಿರುತ್ತದೆ. ಯಾವುದೆಂದು ಅವರು ಚೀಟಿಯಲ್ಲಿ ಬರೆದಿಟ್ಟುಕೊಂಡು ಮೂರನೆಯ ಕ್ಷೌರದ ಅಂಕ ನೀವು ಬರೆದ ಮೇಲೆ ತೋರಿಸಲಿ. ಎರಡೂ ಬದಿಯ ಗೆರೆ ಸಮನಾಗಿದೆಯೇ ಎಂದು ನೀವು ನೋಡಲು ಇದರಿಂದ ಅಡ್ಡಿಯಿಲ್ಲ.

ಚರ್ಮ ಪೂರ್ತಿ ವಾಸಿಯಾದ ಮೇಲೆ ಪಟಿಕದ ಕಲ್ಲೂ ಇರಲಿ. ಕ್ಷೌರ ಮುಗಿಸಿ ತಣ್ಣೀರಲ್ಲಿ ತೊಳೆದು ಸವರಿದರೆ ಚರ್ಮ ಸವೆದ ಜಾಗದಲ್ಲಿ ಮಾತ್ರ ಚುರುಗುಟ್ಟುತ್ತದೆ. ಕನ್ನಡಿಗೆ ಕಾಣದ್ದನ್ನು ಅದು ಹೇಳುತ್ತದೆ.

ಹೊಸಅಲಗು (ಏಳು ವಾರಗಳ ನಂತರ):

ಫಲಿತಾಂಶ ತಿಳಿಸಲು ಬಂದೆ. ಐದು ದಿನ ಬಿಟ್ಟೆ, ಚುಕ್ಕೆಗಳೆಲ್ಲ ಮಾಯವಾದವು. ಮೂರು ವಾರ ಮೊದಲ ಬ್ಲೇಡೊಂದನ್ನೇ ಬಳಸಿದೆ. ಮೊದಲ ವಾರ 6, ಎರಡನೆಯ ವಾರ 7, ಮೂರನೆಯ ವಾರದಲ್ಲಿ ಎರಡು ಬಾರಿ 8 ಕೊಟ್ಟೆ. ಬ್ಲೇಡಿನ ಬಗೆ ಅದೇ, ರೇಜರೂ ಅದೇ. ಎರಡು ಬದಿಗಳ ಸದ್ದು ಈಗ ಒಂದೇ ಆಗಿದೆ.

ಆಮೇಲೆ ಅಮ್ಮ ಬ್ಲೇಡು ಹಾಕಿ ಕೊಟ್ಟರು. ಮೊದಲ ಗುಪ್ತ ಬ್ಲೇಡಿಗೆ ಮೂರು ಬಾರಿ ಕ್ರಮವಾಗಿ 7, 8, 8 ಬರೆದೆ. ಚೀಟಿ ತೆರೆದರೆ, ನಾನು ನಾಲ್ಕನೆಯ ದಿನ 2 ಕೊಟ್ಟಿದ್ದ ಹರಿತದ ಬ್ಲೇಡು! ತುಂಬ ಹೊತ್ತು ಆ ಚೀಟಿಯನ್ನೇ ನೋಡಿದೆ. ಮತ್ತೆ ಅಳತೆಗೋಲಿಗೆ ಬಂದೆ, 8. ಎರಡನೆಯ ಗುಪ್ತ ಬ್ಲೇಡು 6, 5, 4. ಉರಿಯ ಕಾಲಂ ಖಾಲಿ, ಜಗ್ಗುವ ಕಾಲಂ ತುಂಬಿತ್ತು. ಅದು ಮೃದುವಾದವುಗಳಲ್ಲಿ ಒಂದು, ನನ್ನ ಗಡ್ಡಕ್ಕೆ ಸಾಲುವುದಿಲ್ಲವೆಂದು ಈಗ ನೆಮ್ಮದಿಯಿಂದ ಹೇಳಬಲ್ಲೆ.

ಒಂದು ಜಾಗ ಮಾತ್ರ ಉಳಿದಿದೆ. ಎಡ ದವಡೆಯ ಕೆಳಗೆ ಕೂದಲು ಸುಳಿಯಂತೆ ತಿರುಗಿದೆ, ಪಟಿಕ ಅಲ್ಲಿ ಇಂದಿಗೂ ಚುರುಗುಟ್ಟುತ್ತದೆ.

ನೊರೆಪ್ರಿಯ:

ಸುಳಿಯನ್ನು ಒಂದೇ ಎಳೆತದಲ್ಲಿ ದಾಟಬೇಡಿ. ಎಡಗೈ ಬೆರಳುಗಳಿಂದ ಚರ್ಮವನ್ನು ಕಿವಿಯ ಕಡೆ ಎಳೆದು ಹಿಡಿದು, ಒಂದು ಸೆಂಟಿಮೀಟರಿನಷ್ಟು ಗಿಡ್ಡ ಎಳೆತಗಳಲ್ಲಿ, ನೀವು ಬರೆದ ಚಿತ್ರದ ದಿಕ್ಕು ಹಿಡಿದು ಸುತ್ತಿ ಬನ್ನಿ. ನೊರೆ ಹೋದ ಜಾಗದ ಮೇಲೆ ಮತ್ತೆ ನೊರೆ ಹಚ್ಚದೆ ರೇಜರ್ ಇಡಬೇಡಿ. ಅಲ್ಲಿ ಒಂದೆರಡು ಕೂದಲು ಉಳಿದರೆ ಉಳಿಯಲಿ.

ಇಷ್ಟು ದಿನದಲ್ಲಿ ಹಳೆಯ ಬ್ಲೇಡುಗಳು ಸಾಕಷ್ಟು ಕೂಡಿರಬೇಕು. ಹಾಗೇ ಕಸಕ್ಕೆ ಹಾಕಬೇಡಿ, ಕಸ ಎತ್ತುವವರ ಕೈ ಸೀಳುತ್ತದೆ. ಮುಚ್ಚಳ ಬಿಗಿಯಾಗಿರುವ ತಗಡಿನ ಡಬ್ಬಿಗೆ ಬ್ಲೇಡು ಹಿಡಿಸುವಷ್ಟು ಸೀಳು ಮಾಡಿ ಅದರಲ್ಲಿ ತುಂಬಿಸುತ್ತ ಬನ್ನಿ.

ಹೊಸಅಲಗು:

ಡಬ್ಬಿ ಇಂದೇ ಸಿದ್ಧ ಮಾಡುತ್ತೇನೆ. ಅಮ್ಮ ಮೂರನೆಯ ಚೀಟಿ ಬರೆದಿಟ್ಟಿದ್ದಾರೆ, ನಾಳೆಯಿಂದ ಅದರ ಪರೀಕ್ಷೆ.