ಗಂಡಸರ ಪ್ಯಾಕೇಜ್, ಹೆಂಗಸರ ಪ್ಯಾಕೇಜ್: ನಿಜವಾಗಿ ಏನೇನು ನೋಡಿಸಬೇಕು?

ಕೇಳಿದವರು, ರಾಜಾಜಿನಗರ: ನನಗೆ 44, ಮನೆಯವರಿಗೆ 41. ಎರಡೂ ಕಡೆ ಹಿರಿಯರಿಗೆ ಶುಗರ್ ಇದೆ. ಲ್ಯಾಬ್‌ನವರು ಪದೇ ಪದೇ ಫೋನ್ ಮಾಡಿ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಫುಲ್ ಬಾಡಿ ಚೆಕಪ್ ಇದೆ ಅಂತಾರೆ. ಈ ವಯಸ್ಸಿನಲ್ಲಿ ಯಾರು ಯಾವುದಕ್ಕೆ ಹೆದರಬೇಕು? ಅನುಭವ ಇರುವವರು ಹೇಳಿ.

ಬಸವನಗುಡಿಯಿಂದ: ಹಾರ್ಟ್ ಗಂಡಸರಿಗೆ, ಕ್ಯಾನ್ಸರ್ ಹೆಂಗಸರಿಗೆ ಅನ್ನೋ ಲೆಕ್ಕ ಮೊದಲು ಬಿಡಿ ಸಾರ್. ನಮ್ಮ ದೇಶದಲ್ಲಿ ಇಬ್ಬರ ಜೀವವನ್ನೂ ಜಾಸ್ತಿ ತೆಗೆಯುವುದು ಹೃದಯ, ರಕ್ತನಾಳದ ಕಾಯಿಲೆಗಳೇ. 2021ರ ಅಕ್ಟೋಬರ್‌ನಲ್ಲಿ ಅಪ್ಪು 46ನೇ ವಯಸ್ಸಿಗೇ ಹೋದರು. ಆಮೇಲೆ ಜಯದೇವ ಆಸ್ಪತ್ರೆಯಲ್ಲಿ ಚೆಕಪ್‌ಗೆ ಜನವೋ ಜನ. ನಮ್ಮ ಬೀದಿಯಿಂದಲೂ ಹೋದರು, ಎಲ್ಲ ಗಂಡಸರೇ. ಹೆಂಡತಿಯನ್ನೂ ಕರೆದುಕೊಂಡು ಹೋದವರನ್ನು ನಾನಂತೂ ಕಾಣಲಿಲ್ಲ.

ನಮ್ಮ ಅತ್ತೆಯ ವಿಷಯ ಹೇಳುತ್ತೇನೆ. ವಯಸ್ಸು 58. ಎದೆನೋವು ಅಂತ ಬರಲೇ ಇಲ್ಲ. ಸುಸ್ತು, ವಾಕರಿಕೆ, ಬೆನ್ನು ಮತ್ತು ದವಡೆ ಹಿಡಿದುಕೊಂಡ ಹಾಗೆ. ಹತ್ತಿರದ ಕ್ಲಿನಿಕ್ಕೊಂದರಲ್ಲಿ ಗ್ಯಾಸ್ ಅಂತ ಮಾತ್ರೆ ಕೊಟ್ಟು ಕಳಿಸಿದರು. ರಾತ್ರಿ ತಣ್ಣನೆ ಬೆವರು ಶುರುವಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಮೊದಲ ಇಸಿಜಿಯಲ್ಲೂ ಏನೂ ಕಾಣಲಿಲ್ಲ. ಟ್ರೋಪೋನಿನ್ ಅನ್ನೋ ರಕ್ತಪರೀಕ್ಷೆ ಮಾಡಿದ ಮೇಲೆಯೇ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಗಿದ್ದು. ಸ್ಟೆಂಟ್ ಹಾಕಿದರು, ಈಗ ಓಡಾಡಿಕೊಂಡಿದ್ದಾರೆ. ಉಪ್ಪಿನಕಾಯಿ ಜಾಡಿಗೆ ಮತ್ತೆ ಕೈ ಹಾಕುತ್ತಿದ್ದಾರೆ, ಅದು ಬೇರೆ ಕಥೆ.

ಹೆಂಗಸರಿಗೆ ಎದೆನೋವು ಬರುವುದಿಲ್ಲ ಅಂತಲ್ಲ, ಬಹಳ ಜನರಿಗೆ ಬರುತ್ತದೆ. ಆದರೆ ಉಸಿರುಕಟ್ಟುವುದು, ವಾಕರಿಕೆ, ದವಡೆ ಅಥವಾ ಬೆನ್ನು ನೋವು, ಕಾರಣವಿಲ್ಲದ ಸುಸ್ತು ಅವರಲ್ಲಿ ಜಾಸ್ತಿ. ಮನೆಯಲ್ಲಿ ಅದಕ್ಕೆಲ್ಲ ಒಂದೇ ಉತ್ತರ: ಕೆಲಸ ಜಾಸ್ತಿಯಾಗಿದೆ, ಸ್ವಲ್ಪ ಮಲಗು. ನನಗೆ ಸಿಟ್ಟು ಬರುವುದೇ ಇಲ್ಲಿ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಹೃದಯದ ಅಪಾಯ ಏರುತ್ತಾ ಹೋಗುತ್ತದೆ. ಬಸುರಿಯಿದ್ದಾಗ ಶುಗರ್ ಅಥವಾ ಬಿಪಿ ಬಂದಿದ್ದರೆ ಇನ್ನೂ ಜಾಸ್ತಿ. ನಿಮ್ಮ ಮನೆಯವರಿಗೆ ಹಾಗೇನಾದರೂ ಆಗಿತ್ತಾ? ಆಗಿದ್ದರೆ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಹೆರಿಗೆಯಾದ ಮೇಲೆ ಆ ವಿಷಯ ಎಲ್ಲರೂ ಮರೆತೇ ಬಿಡುತ್ತಾರೆ.

ಇಬ್ಬರಿಗೂ ಬೇಕಾದ್ದು ಬಿಪಿ, ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟ್ರಾಲ್, ಕಿಡ್ನಿ ನೋಡುವ ಕ್ರಿಯಾಟಿನಿನ್. ಜೊತೆಗೆ ಒಂದು ಟೇಪು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಅನ್ನೋ ನಮ್ಮ ಐಟಿ ಹುಡುಗರಿಗೆ ತೂಕದ ಮೆಷಿನ್‌ಗಿಂತ ಈ ಟೇಪೇ ನಿಜ ಹೇಳುತ್ತದೆ. ಎದೆ ಹಿಡಿದುಕೊಂಡರೆ 108ಕ್ಕೆ ಫೋನ್ ಮಾಡಿ. ಸ್ವಂತ ಕಾರು ತೆಗೆದುಕೊಂಡು ಹೋಗಿ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಯಶವಂತಪುರದಿಂದ, ನರ್ಸ್ ಆಗಿದ್ದೇನೆ: ಮೇಲೆ ಹೇಳಿದ್ದೆಲ್ಲ ಸರಿ. ಹೆಂಗಸರಿಗೆ ಹಿಮೋಗ್ಲೋಬಿನ್ ಸೇರಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನಲ್ಲಿ (2019–21) 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತ ಕಮ್ಮಿ ಇತ್ತು. ಕಬ್ಬಿಣಾಂಶ ಕಮ್ಮಿಯಾಗಿ ರಕ್ತ ಕಮ್ಮಿಯಾದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು. ಐರನ್ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕ ಆಗುತ್ತದೆ.

ಪ್ಯಾಕೇಜ್‌ನಲ್ಲಿ ಸಿಎ-125 ತರಹದ ಟ್ಯೂಮರ್ ಮಾರ್ಕರ್, ಅಂದರೆ ಕ್ಯಾನ್ಸರ್ ಸುಳಿವು ಹುಡುಕುವ ರಕ್ತಪರೀಕ್ಷೆ, ತುರುಕಿರುತ್ತಾರೆ. ಏನೂ ತೊಂದರೆ ಇಲ್ಲದವರಿಗೆ ಅದು ಬೇಡ. ಮುಟ್ಟಿನ ಸಮಯದಲ್ಲೂ ಏರಬಹುದು, ಸುಮ್ನೆ ನಿದ್ದೆಗೇಡು. ಅದರ ಬದಲು ಗರ್ಭಕೊರಳಿನ ಕ್ಯಾನ್ಸರ್ ನೋಡುವ ಪ್ಯಾಪ್ ಸ್ಮಿಯರ್ ಮಾಡಿಸಿ. ಸ್ತನದಲ್ಲಿ ಗಂಟು ಸಿಕ್ಕರೆ ನೋವಿಲ್ಲ ಅಂತ ಬಿಡಬೇಡಿ, ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಯಾವಾಗಿಂದ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಹೆಣ್ಣುಮಗು ಇದ್ದರೆ 9ರಿಂದ 14ರೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿ, ಗರ್ಭಕೊರಳಿನ ಕ್ಯಾನ್ಸರ್ ತಡೆಯುತ್ತದೆ.

ಪೀಣ್ಯದಿಂದ: ಗಂಡಸರ ಕಡೆಯಿಂದ ಯಾರೂ ತಂಬಾಕು ಎತ್ತಲೇ ಇಲ್ಲವಲ್ಲ! ನಮ್ಮ ಫ್ಯಾಕ್ಟರಿಯಲ್ಲಿ ಬೀಡಿ ಸಿಗರೇಟಿಗಿಂತ ಬಾಯಲ್ಲಿ ಅಗಿಯುವುದೇ ಜಾಸ್ತಿ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು, ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ. ನನ್ನ ಜೊತೆಗಾರನಿಗೆ ಖಾರ ತಿಂದರೆ ಬಾಯಿ ಉರಿ, ಆಮೇಲೆ ಬಾಯಿ ಅಗಲಿಸಲೇ ಆಗುತ್ತಿರಲಿಲ್ಲ. ಮೂರು ಬೆರಳು ಒಂದರ ಮೇಲೊಂದು ಬರುವ ಹಾಗೆ ಬಾಯಲ್ಲಿ ಇಟ್ಟು ನೋಡಿ ಅಂತ ಡೆಂಟಿಸ್ಟ್ ಹೇಳಿಕೊಟ್ಟರು. ಹಲ್ಲುಗಳ ನಡುವೆ ಹೋಗದಿದ್ದರೆ ತೋರಿಸಲೇಬೇಕು. ಎರಡು ವಾರ ಆದರೂ ಮಾಯದ ಹುಣ್ಣು, ಬಿಳಿ ಇಲ್ಲವೇ ಕೆಂಪು ಕಲೆ ಇದ್ದರೂ ಅಷ್ಟೇ. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಜನ ಹೋಗುವುದೇ ತಡವಾಗಿ.

ಇನ್ನೊಂದು, ಮನಸ್ಸಿನ ವಿಷಯ. ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಗಂಡಸರೇ ಜಾಸ್ತಿ, ಬಾಯಿ ಬಿಡದವರೂ ಅವರೇ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮನೆಯವರಿಗೆ ಎರಡನೇ ಹೆರಿಗೆಯಲ್ಲಿ ಶುಗರ್ ಬಂದಿತ್ತು, ಆಮೇಲೆ ನೋಡಿಸಿಲ್ಲ. ಹಾಗಾದರೆ ಲ್ಯಾಬ್ ಪ್ಯಾಕೇಜ್ ಬೇಡ ಅಂತೀರಾ?

ಯಶವಂತಪುರದಿಂದ: ಬೇಡ. ಬಿಪಿ, ಶುಗರ್ ನಿಮ್ಮ ವಾರ್ಡಿನ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲೇ ದುಡ್ಡಿಲ್ಲದೆ ನೋಡುತ್ತಾರೆ. ಉಳಿದದ್ದನ್ನು ಡಾಕ್ಟರ್ ಬರೆದುಕೊಟ್ಟಷ್ಟು ಮಾಡಿಸಿ. ಮೊದಲು ಮನೆಯವರದ್ದು. ಬಿಪಿ ನೋಡಿಸುವ ಅರ್ಧ ಗಂಟೆ ಮುಂಚೆ ಕಾಫಿ ಕುಡಿಯಬೇಡಿ, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಿಸಿ.