ಕಾಫಿ ಚೆರಿ ಈಗ್ಲೇ ಕೊಡೋದಾ, ಜುಲೈವರೆಗೂ ಇಟ್ಕೊಳ್ಳೋದಾ? ಎರಡು ವರ್ಷ ಎರಡು ಕಡೆಯಿಂದ ಪೆಟ್ಟು ತಿಂದವನ ಪ್ರಶ್ನೆ

ಮೂಡಿಗೆರೆ ಹುಡ್ಗ:

ಎಲ್ರಿಗೂ ನಮಸ್ಕಾರ. ಮೂಡಿಗೆರೆ ಹತ್ರ ನಮ್ದು ಆರು ಎಕರೆ ರೋಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿರೋ ಒಂದಿಷ್ಟು ಮೆಣಸು. ಈ ಸಲ ಒಣಗ್ಸಿ ತುಂಬಿದ್ಮೇಲೆ 120 ಮೂಟೆ ಚೆರಿ (ಸಿಪ್ಪೆ ಸಮೇತ ಒಣಗ್ಸಿದ ಕಾಫಿ ಹಣ್ಣು) ಆಗಿದೆ, ಗೋಡೌನ್‌ನಲ್ಲಿ ಕೂತಿದೆ. ಕೊಡ್ಬೇಕಾ ಇಟ್ಕೋಬೇಕಾ ಅಂತ ಹದಿನೈದು ದಿನದಿಂದ ತಲೆ ಕೆಟ್ಟೋಗಿದೆ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೂ ಮೊಬೈಲ್ ತೆಗ್ದು ಲಂಡನ್ ಮಾರ್ಕೆಟ್ಟಿನ ಕಾಫಿ ರೇಟು ನೋಡೋ ಚಟ ಬೇರೆ ಹತ್ಕೊಂಡಿದೆ.

ವಿಷ್ಯ ಏನಪ್ಪಾ ಅಂದ್ರೆ, 2024ರ ಜನವರಿಲಿ ಕಣದಿಂದ ಎತ್ತಿದ್ದೇ ತಡ ಅಷ್ಟನ್ನೂ ಕೊಟ್ಬಿಟ್ಟೆ. ಏಪ್ರಿಲ್ ಹೊತ್ತಿಗೆ ವಿಯೆಟ್ನಾಂನಲ್ಲಿ ಬರ ಅಂತ ರೇಟು ಎಲ್ಲಿಗೋ ಹೋಯ್ತು, ಇಟ್ಕೊಂಡಿದ್ದ ಪಕ್ಕದ ತೋಟದವ್ರು ಜೀಪ್ ತಗೊಂಡ್ರು, ಈಗ್ಲೂ ನಮ್ಮನೆ ತಿರುವಲ್ಲೇ ಹಾರ್ನ್ ಹೊಡೀತಾರೆ. ಸರಿ ಬುದ್ಧಿ ಬಂತು ಅಂತ 2025ರಲ್ಲಿ ಹಿಡ್ಕೊಂಡೆ, ಫೆಬ್ರವರಿಲಿ ರೇಟು ತುತ್ತತುದಿಲಿ ಇದ್ದಾಗ್ಲೂ ಇನ್ನೂ ಏರುತ್ತೆ ಅಂತ ಕೊಡ್ಲಿಲ್ಲ, ಆಮೇಲೆ ಜುಲೈಲಿ ಧೋ ಅಂತ ಮಳೆ ಸುರೀತಿರುವಾಗ ಸಿಕ್ಕಿದ್ ರೇಟಿಗೆ ಕೊಟ್ಟು ಬಂದೆ. ಬೇಗ ಕೊಟ್ರೂ ತಪ್ಪು, ಇಟ್ಕೊಂಡ್ರೂ ತಪ್ಪು.

ಸೊಸೈಟಿ ಸಾಲ 3 ಲಕ್ಷ ಮಾರ್ಚ್ ಒಳಗೆ ಕಟ್ಬೇಕು, ಗೊಬ್ಬರ, ಕೂಲಿ, ಮಗಳ ಕಾಲೇಜ್ ಫೀಸು ಎಲ್ಲಾ ಸೇರಿ ಇನ್ನೊಂದು 2 ಲಕ್ಷ. ಭಾವ ಹೇಳ್ತಾರೆ ಜುಲೈಲಿ ಬ್ರೆಜಿಲ್‌ನಲ್ಲಿ ಹಿಮ ಬೀಳುತ್ತೆ, ಕಾಫಿ ಗಿಡ ಸುಟ್ಟು ರೇಟು ಏರುತ್ತೆ, ಕಣ್ಮುಚ್ಕೊಂಡು ಇಟ್ಕೋ ಅಂತ. ಅಪ್ಪ ಹೇಳ್ತಾರೆ ಕೊಟ್ಟು ನಿದ್ದೆ ಮಾಡು ಅಂತ. ದಯವಿಟ್ಟು ರೇಟು ಎಷ್ಟಾಗುತ್ತೆ ಅಂತ ಭವಿಷ್ಯ ಹೇಳ್ಬೇಡಿ, ಅದು ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತೆ. ಏನಾಗುತ್ತೆ ಅಂತ ಗೊತ್ತಿಲ್ದೇ ಇರುವಾಗ ತೀರ್ಮಾನ ಹೆಂಗೆ ಮಾಡೋದು ಅನ್ನೋದಷ್ಟೇ ನನ್ ಪ್ರಶ್ನೆ.

ಗಿರಿ ತಪ್ಪಲು:

ಮಾರಾಯ, ಮೊದ್ಲು ಮಲ್ಕೋ. ಲಂಡನ್ ರೋಬಸ್ಟಾ ಮಾರ್ಕೆಟ್ ನಮ್ ಟೈಮು ರಾತ್ರಿ ಹನ್ನೊಂದರ ಆಸುಪಾಸಿಗೇ ಬಾಗ್ಲು ಹಾಕುತ್ತೆ. ಎರಡು ಗಂಟೆಗೆ ನೀನು ನೋಡೋದು ತಂಗಳು 😄

ಮಳೆ ಲೆಕ್ಕದ ಮೇಷ್ಟ್ರು:

ನಾನು ರಿಟೈರ್ಡ್ ಮೇಷ್ಟ್ರು, ಬಾಳೆಹೊನ್ನೂರು ಕಡೆ ನಾಲ್ಕೆಕರೆ ಇದೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಮ್ಮನೇಲಿ ತಂದೆಯವ್ರ ಕಾಲದಿಂದ ಮಳೆ ಡೈರಿ ಇದೆ. ದಿನಾ ಬೆಳಿಗ್ಗೆ ಅಳತೆ ಡಬ್ಬಿ ನೋಡಿ ಇಷ್ಟು ಇಂಚು ಇಷ್ಟು ಸೆಂಟು ಅಂತ ಬರೆಯೋದು, ನಿಮ್ಮನೇಲೂ ಇರ್ಬೇಕು, ಇಲ್ದಿದ್ರೆ ಪಕ್ಕದ ಎಸ್ಟೇಟ್‌ನಲ್ಲಂತೂ ಇರುತ್ತೆ. ಅದನ್ನ ತಿರುವಿ ಹಾಕಿದ್ರೆ ಮಾರ್ಚ್ ಮುಗಿಯೋದ್ರೊಳಗೆ ಒಂದಿಂಚು ಹೂಮಳೆ (ಕಾಫಿ ಹೂ ಅರಳೋಕೆ ಬೇಕಾದ ಮಳೆ) ಎಷ್ಟು ವರ್ಷ ಬಂತು, ಎಷ್ಟು ವರ್ಷ ಕೈ ಕೊಡ್ತು ಅಂತ ಬೆರಳಲ್ಲಿ ಎಣಿಸ್ಬೋದು. ನಮ್ಮಲ್ಲಿ ಹೆಚ್ಚುಕಮ್ಮಿ ಮೂರು ವರ್ಷಕ್ಕೊಂದು ಸಲ ಕೈ ಕೊಟ್ಟಿದೆ. ಅದಕ್ಕೇ ನಾನು ಪ್ರತಿ ವರ್ಷ ಕೆರೆ ನೀರು ಉಳಿಸಿ, ಸ್ಪ್ರಿಂಕ್ಲರ್‌ಗೆ ಡೀಸೆಲ್ ತಂದಿಟ್ಟೇ ಇರ್ತೀನಿ, ಮಳೆ ಬಂದ್ರೆ ಡೀಸೆಲ್ ಉಳೀತು ಅಷ್ಟೇ. ಇದು ಎಣಿಕೆಗೆ ಸಿಗೋ ಅಪಾಯ.

ನಿಮ್ ಭಾವ ಹೇಳೋ ಬ್ರೆಜಿಲ್ ಹಿಮ ಆ ಜಾತಿದಲ್ಲ. 1975ರ ಜುಲೈಲಿ ಬಿತ್ತು, 1994ರಲ್ಲಿ ಬಿತ್ತು, 2021ರ ಜುಲೈಲಿ ಬಿತ್ತು. ಇದ್ರಿಂದ ಈ ವರ್ಷದ್ದು ಏನು ಲೆಕ್ಕ ಹಾಕ್ತೀರಿ? ಅದರ ಜೊತೆಗೆ ಸುಂಕ, ಡಾಲರ್, ದೊಡ್ಡ ಫಂಡ್‌ಗಳ ಆಟ. 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಮಾಲಿಗೆ 50 ಪರ್ಸೆಂಟ್ ಸುಂಕ ಹಾಕ್ತು, ನವೆಂಬರ್‌ನಲ್ಲಿ ಕಾಫಿ ಮೇಲಿಂದ ತೆಗೀತು. ಇದನ್ನ ಯಾವ ಡೈರಿ ನೋಡಿ ಹೇಳೋದು? ಫ್ರಾಂಕ್ ನೈಟ್ ಅಂತ ಅಮೆರಿಕದ ಅರ್ಥಶಾಸ್ತ್ರಜ್ಞ 1921ರಲ್ಲೇ ಇವೆರಡನ್ನೂ ಬೇರೆ ಮಾಡಿ ಹೇಳಿದ್ದ, ಅಳೆಯೋಕೆ ಬರೋ ರಿಸ್ಕು ಒಂದು, ಅಳತೆಗೇ ಸಿಗದ ಅನಿಶ್ಚಿತತೆ ಇನ್ನೊಂದು. ಮೊದಲನೇದಕ್ಕೆ ಲೆಕ್ಕ ಹಾಕ್ಬೇಕು. ಎರಡನೇದಕ್ಕೆ ಲೆಕ್ಕ ಹಾಕ್ತೀನಿ ಅಂತ ಕೂತ್ರೆ ರಾತ್ರಿ ಎರಡು ಗಂಟೆ ಆಗುತ್ತೆ, ಅಲ್ಲಿ ಮಾಡ್ಬೇಕಾದ್ದು ಹೆಂಗಾದ್ರೂ ತಡ್ಕೊಳ್ಳೋ ಹಾಗೆ ನಿಂತ್ಕೊಳ್ಳೋದು.

ಇನ್ನೊಂದು, ಭಾವನವರಿಗೆ ಬೇಜಾರಾಗ್ಬಾರ್ದು, ಆದ್ರೂ ಹೇಳ್ತೀನಿ. ಹಿಮ ಹೊಡೆಯೋದು ಹೆಚ್ಚಾಗಿ ಮಿನಾಸ್ ಜೆರೈಸ್, ಪರಾನಾ ಕಡೆಯ ಅರೇಬಿಕಾಗೆ, ಅಂದ್ರೆ ಇನ್ನೊಂದು ಜಾತಿ ಕಾಫಿಗೆ. ಬ್ರೆಜಿಲ್ ರೋಬಸ್ಟಾ, ಅವ್ರು ಕೊನಿಲಾನ್ ಅಂತಾರೆ, ಮುಖ್ಯವಾಗಿ ಎಸ್ಪಿರಿತು ಸಾಂತು ಅನ್ನೋ ಸೆಕೆ ಜಾಗದಲ್ಲಿ ಬೆಳೆಯೋದು. ಅರೇಬಿಕಾ ಏರಿದ್ರೆ ರೋಬಸ್ಟಾನೂ ಜೊತೆಗೆ ಏರ್ಬೋದು, ಸುಳ್ಳಲ್ಲ. ಆದ್ರೆ ಆ ಕೊನಿಲಾನ್ ಕೊಯ್ಲು ಶುರು ಆಗೋದೇ ಏಪ್ರಿಲ್-ಮೇನಲ್ಲಿ, ಅಂದ್ರೆ ನೀವು ಹಿಮ ಕಾಯ್ತಾ ಕೂತಿರೋ ಹೊತ್ತಿಗೆ ಹೊಸ ಮಾಲು ಮಾರ್ಕೆಟ್ಟಿಗೆ ಬರ್ತಿರುತ್ತೆ. 2025ರಲ್ಲಿ ಫೆಬ್ರವರಿಲಿ ಲಂಡನ್‌ನಲ್ಲಿ ಟನ್ನಿಗೆ 5,500 ಡಾಲರ್ ದಾಟಿದ್ದು ಜುಲೈಲಿ 3,500ಕ್ಕಿಂತ ಕೆಳಗೆ ಬಂತಲ್ಲ, ಹೊಸ ಮಾಲು ಬಂದಿದ್ದೂ ಅದಕ್ಕೊಂದು ಕಾರಣ.

ಈಗ ನಿಮಗೊಂದು ಪ್ರಶ್ನೆ. ಗೋಡೌನ್ ಖಾಲಿ ಇದೆ, ಕೈಲಿ ನಗದು 12 ಲಕ್ಷ ಇದೆ ಅಂತಿಟ್ಕೊಳ್ಳಿ. ಇವತ್ತು ಹೋಗಿ ಮೂಟೆಗೆ 10,000 ಕೊಟ್ಟು 120 ಮೂಟೆ ಚೆರಿ ಕೊಂಡು ತಂದು ಜುಲೈವರೆಗೂ ಇಟ್ಕೊಳ್ತೀರಾ?

ಮೂಡಿಗೆರೆ ಹುಡ್ಗ:

ಅಯ್ಯೋ ಮೇಷ್ಟ್ರೇ, ಖಂಡಿತ ಇಲ್ಲ. ಹುಚ್ಚಾ ನಂಗೆ. ಜಾಸ್ತಿ ಅಂದ್ರೆ ಒಂದು 20-30 ಮೂಟೆ ತಗೊಂಡು ನೋಡ್ಬೋದೇನೋ.

ಮಳೆ ಲೆಕ್ಕದ ಮೇಷ್ಟ್ರು:

ಮಾರದೆ ಇಟ್ಕೊಳ್ಳೋದು ಅಂದ್ರೆ ದಿನಾ ಬೆಳಿಗ್ಗೆ ಎದ್ದು ಆ ರೇಟಿಗೆ ಕೊಂಡ ಹಾಗೇನೇ. ಮನೆ ಮಾಲು ಆದ್ದರಿಂದ ಕೊಂಡಂಗೆ ಅನ್ಸಲ್ಲ, ಅಷ್ಟೇ.

ಮತ್ತೆ 2024ರದ್ದನ್ನ ತಪ್ಪು ತಪ್ಪು ಅಂತೀರಲ್ಲ, ಆ ಜನವರಿ ರೇಟೂ ಅಲ್ಲಿವರೆಗೆ ನೀವು ಕಂಡ ರೇಟುಗಳಿಗಿಂತ ಮೇಲೇ ಇತ್ತು ಅಲ್ವಾ? ಅವತ್ತು ಗೊತ್ತಿದ್ದಷ್ಟರಲ್ಲಿ ಕೊಟ್ಟಿದ್ದು ಸರಿ, ಆಮೇಲೆ ಏರಿದ್ದು ಬೇರೆ ವಿಷ್ಯ. ನಿಮ್ ನಿಜವಾದ ತಪ್ಪು ಎರಡು ವರ್ಷದಲ್ಲೂ ಒಂದೇ. 2024ರಲ್ಲಿ ಅಷ್ಟೂ ಕೊಟ್ರಿ, 2025ರಲ್ಲಿ ಅಷ್ಟೂ ಹಿಡ್ಕೊಂಡ್ರಿ. ಕಾನಮನ್ ಮತ್ತು ಟ್ವರ್ಸ್ಕಿ ಅನ್ನೋ ಇಬ್ರು ಮನಃಶಾಸ್ತ್ರಜ್ಞರು 1979ರಲ್ಲಿ ಬರೆದ ಪ್ರಕಾರ ನೂರು ರೂಪಾಯಿ ಸಿಕ್ಕಿದ್ ಖುಷಿಗಿಂತ ನೂರು ಕಳ್ಕೊಂಡ ಸಂಕಟ ದೊಡ್ಡದು, ಹೆಚ್ಚುಕಮ್ಮಿ ಎರಡರಷ್ಟು ಅಂತ ಆಮೇಲೆ ಅಳೆದು ನೋಡಿದ್ರು. ಪಕ್ಕದವ್ರ ಜೀಪಿನ ಹಾರ್ನ್ ಕೇಳಿಸ್ಕೊಂಡು ತೀರ್ಮಾನ ಮಾಡಿದ್ರೆ ಅದು ಕಾಫಿ ತೀರ್ಮಾನ ಆಗಲ್ಲ, ಹಾರ್ನ್ ತೀರ್ಮಾನ ಆಗುತ್ತೆ.

ಕಣದ ಅಕ್ಕ:

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದ್ರೆ ಎಲ್ರೂ ರೇಟು ರೇಟು ಅಂತೀರಾ, ಮೂಟೆ ಕಥೆ ಯಾರೂ ಕೇಳಲ್ಲ. ತಮ್ಮಾ, ನಮ್ಮನೇಲಿ ಲೆಕ್ಕ ನೋಡೋದು ನಾನೇ. ಒಂದು ವರ್ಷ 30 ಮೂಟೆ ಇಟ್ಕೊಂಡಿದ್ವಿ, ಅಡಿಗೆ ಹಲಗೆ ಹಾಕ್ದೆ ಸಿಮೆಂಟ್ ನೆಲದ್ಮೇಲೇ ಪೇರ್ಸಿದ್ರು ನಮ್ಮೋರು, ಗೋಡೆಗೆ ಒತ್ತಿ ಬೇರೆ. ಆಷಾಢದಲ್ಲಿ ಒಂದಿನ ಒಳಗೆ ಹೋದ್ರೆ ಮುಗ್ಗಲು ವಾಸ್ನೆ. ಅಡಿಯ ಸಾಲು ಬಿಚ್ಚಿದ್ರೆ ಚೆರಿ ಮೇಲೆ ಬಿಳಿ ಬೂಷ್ಟು, ಕೈ ಹಾಕಿದ್ರೆ ತಣ್ಣಗೆ ಒದ್ದೆ ಒದ್ದೆ. ಕಣದಿಂದ ಎತ್ತುವಾಗ ಮಾಯಿಶ್ಚರ್ (ತೇವ) 11 ಪರ್ಸೆಂಟ್ ಇತ್ತು, ನಾನೇ ನಿಂತು ನೋಡಿದ್ದೆ. ಬಿಸಿಲು ಎಲ್ಲಿ ತರೋದು ಜುಲೈಲಿ? ವ್ಯಾಪಾರಿ ಮೀಟರ್ ಇಟ್ಟ, ವಾಸ್ನೆ ನೋಡ್ದ, ಮುಖ ಸಿಂಡರ್ಸ್ದ, ಕಟ್ ಮಾಡ್ದ. ರೇಟು ಏರಿದ್ದೂ ಅಲ್ಲಿಗಲ್ಲಿಗೆ ಸರಿಹೋಯ್ತು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಗೋಡೌನ್ ಉಸಾಬರಿನೇ ಬೇಡ ಅಂತ ವ್ಯಾಪಾರಿ ಹತ್ರಾನೇ ಮಾಲು ಹಾಕಿ, ರೇಟು ಆಮೇಲೆ ಮಾಡ್ಕೊಳ್ಳೋಣ ಅಂತ ಬರ್ತಾರಲ್ಲ, ಹಂಗೆ ನಮ್ ಚಿಕ್ಕಪ್ಪ ಹಾಕಿದ್ರು. ಇಪ್ಪತ್ತು ವರ್ಷದ ವ್ಯವಹಾರ, ಒಂದು ಚೀಟಿ ಬಿಟ್ರೆ ಕೈಲಿ ಏನಿಲ್ಲ. ಒಂದಿನ ಹೋದ್ರೆ ಶಟರ್ ಎಳ್ದಿದೆ, ಫೋನ್ ಸ್ವಿಚ್ ಆಫ್. ರೇಟು ಬೀಳುತ್ತೇನೋ ಅಂತ ದಿನಾ ಹೆದರ್ತಿದ್ರು ಪಾಪ, ಮಾಲೇ ಹೋಗುತ್ತೆ ಅಂತ ಒಂದಿನಾನೂ ಯೋಚ್ನೆ ಮಾಡಿರ್ಲಿಲ್ಲ. ನೀನು ಇಟ್ಕೊಳ್ಳೋದಾದ್ರೆ ನಿನ್ ಬೀಗ ನಿನ್ ಗೋಡೌನ್‌ನಲ್ಲಿ ಇಟ್ಕೋ, ಹಲಗೆ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು.

ಸೊಸೈಟಿ ಸಾಲದ ಗಡುವು ಮಾತ್ರ ದಾಟಿಸ್ಬೇಡ. ಸೊನ್ನೆ ಬಡ್ಡಿ ಇರೋದು ಟೈಮಿಗೆ ಕಟ್ಟಿದ್ರೆ ಮಾತ್ರ. ಈಗ 5 ಲಕ್ಷದವರೆಗೂ ಸೊನ್ನೆ ಬಡ್ಡಿಲಿ ಕೊಡ್ತಾರೆ, ಕಟ್ಟಿ ಮತ್ತೆ ಎತ್ಕೋ.

ಬೆಂಗ್ಳೂರಿಂದ ವಾಪಸ್:

ಫ್ಯೂಚರ್ಸ್‌ನಲ್ಲಿ, ಅಂದ್ರೆ ಮುಂದೆ ಕೊಡೋ ಮಾಲಿಗೆ ಈಗ್ಲೇ ರೇಟು ಮಾಡ್ಕೊಳ್ಳೋ ಮಾರ್ಕೆಟ್‌ನಲ್ಲಿ, ಹೆಡ್ಜ್ ಮಾಡ್ಬೋದಲ್ವಾ? ಈಗಿನ ರೇಟು ಲಾಕ್ ಆಗುತ್ತೆ, ಟೆನ್ಷನ್ನೇ ಇಲ್ಲ.

ಗಿರಿ ತಪ್ಪಲು:

ಗುರುವೇ, ಲಂಡನ್ ರೋಬಸ್ಟಾ ಒಂದು ಲಾಟ್ (ಕಮ್ಮಿ ಅಂದ್ರೆ ಇಷ್ಟು ವ್ಯಾಪಾರ ಮಾಡ್ಬೇಕು) ಅಂದ್ರೆ 10 ಟನ್ ಕ್ಲೀನ್ ಕಾಫಿ, ಸಿಪ್ಪೆ ತೆಗೆದ ಬೀಜ. ಇವನ 120 ಮೂಟೆ ಚೆರಿ 6 ಟನ್, ಓಟಿ, ಅಂದ್ರೆ 50 ಕೆಜಿ ಮೂಟೆ ಚೆರಿಗೆ ಸಿಗೋ ಕ್ಲೀನ್ ಕಾಫಿ, 28 ಕೆಜಿ ಬಂತು ಅಂದ್ರೂ ಕ್ಲೀನ್ 3,360 ಕೆಜಿ. ಅರ್ಧ ಲಾಟೂ ಇಲ್ಲ. ಅದು ದೊಡ್ಡ ಎಕ್ಸ್‌ಪೋರ್ಟರ್‌ಗಳ ಆಟ, ನಮ್ಮಂಥೋರು ಕೈ ಹಾಕಿದ್ರೆ ರಿಸ್ಕ್ ಕಮ್ಮಿ ಮಾಡೋಕೆ ಹೋಗಿ ಹೊಸದೊಂದು ತಲೆ ಮೇಲೆ ಎಳ್ಕೊಂಡಂಗೆ.

ಶುಂಠಿ ಸುಟ್ಟವನು:

ನಾನು ಅರಕಲಗೂಡು ಕಡೆಯವ್ನು, ಕಾಫಿ ಗೊತ್ತಿಲ್ಲ, ಶುಂಠಿ ಗೊತ್ತು. 2023ರಲ್ಲಿ ಶುಂಠಿ ರೇಟು ಹೆಂಗಿತ್ತು ಅಂತ ಹಾಸನ ಜಿಲ್ಲೇಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಎರಡು ಎಕರೆಲಿ ಜೀವಮಾನದಲ್ಲಿ ಕಾಣದಷ್ಟು ದುಡ್ಡು ನೋಡ್ದೆ ಅಣ್ಣ. ನಂಗೆ ಶುಂಠಿ ಅರ್ಥ ಆಗೋಯ್ತು ಅನ್ಕೊಂಡೆ. ಮುಂದಿನ ವರ್ಷ ಬಂದ ದುಡ್ಡೂ ಹಾಕಿ, ಮನೆಯವಳ ಒಡವೆ ಅಡ ಇಟ್ಟು ಎಂಟು ಎಕರೆ ಗುತ್ತಿಗೆ ಹಿಡ್ದೆ. ಒಂದ್ಕಡೆ ಕೊಳೆ ರೋಗ, ಮಡಿಗೆ ಮಡಿನೇ ಹಳದಿಯಾಗಿ ಮಲ್ಕೊಳ್ತು, ಕಿತ್ತರೆ ಗಡ್ಡೆ ಕೈಯಲ್ಲೇ ಪಿಚಕ್ ಅನ್ನೋದು. ಉಳ್ದಿದ್ದನ್ನ ಕೀಳೋಣ ಅಂದ್ರೆ ರೇಟು ಪಾತಾಳ, ಕೀಳೋ ಕೂಲಿನೂ ಹುಟ್ಟಲ್ಲ. ಸ್ವಂತ ಜಮೀನಾಗಿದ್ರೆ ಕೀಳ್ದೆ ಮಣ್ಣಲ್ಲೇ ಬಿಟ್ಟು ಮುಂದಿನ ವರ್ಷ ಹಳೆ ಶುಂಠಿ ಮಾಡ್ಕೊಂಡು ಕೀಳ್ಬೋದಿತ್ತು, ಆದ್ರೆ ಗುತ್ತಿಗೆ ಮುಗೀತು, ಜಮೀನಿನೋರು ಬಿಡು ಅಂದ್ರು. ಕಾಯೋಕೆ ಆಗೋದೂ ಒಂದು ಆಸ್ತಿನೇ ಅಣ್ಣ, ನನ್ ಹತ್ರ ಅದೇ ಇರ್ಲಿಲ್ಲ.

ಶುಂಠಿ ಹತ್ತು ವರ್ಷದ ಸರಾಸರಿ ನೋಡಿದ್ರೆ ಲಾಭ ಅಂತ ಈಗ್ಲೂ ಜನ ಹೇಳ್ತಾರೆ. ಹತ್ತು ವರ್ಷ ನಿಂತಿರೋನಿಗೆ ಸರಾಸರಿ. ಎರಡನೇ ವರ್ಷಕ್ಕೇ ಒಡವೆ ಹರಾಜಿಗೆ ಬಂದೋನಿಗೆ ಯಾವ ಸರಾಸರಿ?

ಮಳೆ ಲೆಕ್ಕದ ಮೇಷ್ಟ್ರು:

ನಾನು ಇಷ್ಟುದ್ದ ಬರೆದೆ, ನೀವು ಎರಡು ಸಾಲಲ್ಲಿ ಹೇಳಿದ್ರಿ. ಒಡವೆ ಬಿಡಿಸ್ಕೊಂಡ್ರಾ?

ಶುಂಠಿ ಸುಟ್ಟವನು:

ಅರ್ಧ ಬಿಡಿಸ್ಕೊಂಡಿದೀನಿ ಮೇಷ್ಟ್ರೇ. ಈ ವರ್ಷ ಮುಕ್ಕಾಲು ಎಕರೆ ಶುಂಠಿ, ಉಳಿದಿದ್ದು ಜೋಳ. ಮನೆಯವಳು ಇನ್ನೂ ಪೂರ್ತಿ ಮಾತಾಡ್ತಿಲ್ಲ.

ಮೂಡಿಗೆರೆ ಹುಡ್ಗ:

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪನ್ನೂ ಕೂರಿಸ್ಕೊಂಡು ಮಗಳ ಹಳೇ ನೋಟ್‌ಬುಕ್ ಹಿಂದಿನ ಪೇಜಲ್ಲಿ ಬರೆದ್ವಿ. ಬೇಕೇ ಬೇಕಾಗಿರೋ ದುಡ್ಡು 5 ಲಕ್ಷ, ಅಂದ್ರೆ 50 ಮೂಟೆ, ಇದರ ಬಗ್ಗೆ ಯೋಚ್ನೆನೇ ಇಲ್ಲ, ಇದು ಕಾಫಿ ಅಲ್ಲ ಸಾಲ ಅಂತ ಅಪ್ಪ ಹೇಳಿದ್ರು. ಉಳಿದ 70ನ್ನ ಪೂರ್ತಿ ಇಟ್ಕೊಂಡು ಜುಲೈಲಿ ಮೂಟೆಗೆ 2,000 ಏರಿದ್ರೆ 1 ಲಕ್ಷ 40 ಸಾವಿರ ಜಾಸ್ತಿ, ಕಣಕ್ಕೆ ಸಿಮೆಂಟ್ ಹಾಕಿಸ್ಬೋದು. 3,000 ಬಿದ್ರೆ 2 ಲಕ್ಷ 10 ಸಾವಿರ ಹೋಯ್ತು, ಆವಾಗ ಮಳೆಗಾಲದ ಗೊಬ್ಬರಕ್ಕೆ ಕೈ ಕಟ್ಟುತ್ತೆ, ಮುಂದಿನ ಫಸಲೂ ಏಟು ತಿನ್ನುತ್ತೆ. ಸಿಮೆಂಟ್ ಇನ್ನೊಂದ್ ವರ್ಷ ಕಾಯುತ್ತೆ, ಗೊಬ್ಬರ ಕಾಯಲ್ಲ ಅಂತ ಬರೆದು ನೋಡಿದ್ಮೇಲೆ ಭಾವನ ಹತ್ರ ವಾದ ಮಾಡೋ ಅಗತ್ಯನೇ ಬರ್ಲಿಲ್ಲ.

ಇವತ್ತು ಬೆಳಿಗ್ಗೆ 60 ಕೊಟ್ಟೆ, ದುಡ್ಡು ಅಕೌಂಟಿಗೆ ಬಿದ್ಮೇಲೇ ಲಾರಿ ಬಿಟ್ಟೆ. ಏಪ್ರಿಲ್ ಮೊದಲ ವಾರ 35, ರೇಟು ಎಷ್ಟಾದ್ರೂ ಇರ್ಲಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೀನಿ. 25 ಮೂಟೆ ಭಾವನ ಹಿಮಕ್ಕೆ ಅಂತ ಹಲಗೆ ಮೇಲೆ, ಅಕ್ಕ ಹೇಳಿದಂಗೆ ಗೋಡೆಯಿಂದ ಒಂದಡಿ ಬಿಟ್ಟು ಪೇರ್ಸಿದೀನಿ, ಮೇ ಕೊನೇಲಿ ಮಳೆ ಹಿಡಿಯೋ ಮುಂಚೆ ಇನ್ನೊಂದ್ ಸಲ ಮಾಯಿಶ್ಚರ್ ನೋಡ್ತೀನಿ, ಜಾಸ್ತಿ ಇದ್ರೆ ಅವನ್ನೂ ಅವತ್ತೇ ಕಳ್ಸೋದು. ಮೆಣಸು ಮುಟ್ಟಲ್ಲ, ಅದು ಸರಿಯಾಗಿ ಒಣಗಿದ್ರೆ ವರ್ಷಗಟ್ಲೆ ಇರುತ್ತೆ. ಯಾವತ್ತು ಯಾವ ರೇಟಿಗೆ ಯಾಕೆ ಕೊಟ್ಟೆ ಅಂತಾನೂ ಅದೇ ನೋಟ್‌ಬುಕ್ಕಲ್ಲಿ ಬರೆದಿದೀನಿ, ಮುಂದಿನ ವರ್ಷ ನನ್ನನ್ನೇ ನಾನು ಬೈಕೊಳ್ಳೋ ಮುಂಚೆ ಓದೋಕೆ.

ಭಾವ ಫೋನ್ ಎತ್ತುತಿಲ್ಲ.

ಕಣದ ಅಕ್ಕ:

ಎತ್ತುತಾರೆ ಬಿಡು, ಹಬ್ಬ ಬರ್ಲಿ. ಓಟಿ ಎಷ್ಟು ಕೊಟ್ಟ?

ಮೂಡಿಗೆರೆ ಹುಡ್ಗ:

27 ಅಂದ, ಮುಂದೆ ನಿಂತು ಇನ್ನೊಂದ್ ಸ್ಯಾಂಪಲ್ ಬಡಿಸ್ದೆ, 28 ಬಂತು ಅಕ್ಕ.