ಸಹಾಯ ಬೇಕು: ಮಾನಿಟರ್ ಕೂಗಿದರೆ ಈಗಲೂ ಕೈ ನಡುಗುತ್ತೆ

ನಮಸ್ಕಾರ. ನಾನು ಸ್ಟಾಫ್ ನರ್ಸ್, ತುಮಕೂರು ಕಡೆಯವಳು. 2021ರ ಎರಡನೇ ಅಲೆಯಲ್ಲಿ ಕೋವಿಡ್ ಐಸಿಯುನಲ್ಲಿದ್ದೆ. ಪಿಪಿಇ ಕಿಟ್ ಒಳಗೆ ಆರು ಗಂಟೆ ನೀರೂ ಕುಡಿಯದೆ ಕೆಲಸ ಮಾಡಿದ್ದು ಇಲ್ಲಿ ಎಷ್ಟೋ ಜನರಿಗೆ ಗೊತ್ತೇ ಇದೆ. ಆಗ ನನಗೆ ಏನೂ ಆಗಲಿಲ್ಲ. ಎಲ್ಲ ಮುಗಿದ ಮೇಲೆ ಶುರುವಾಯಿತು, ವಿಚಿತ್ರ ಅಲ್ವಾ?

ಈಗ ವಾರ್ಡಿನಲ್ಲಿ ಯಾರದ್ದಾದರೂ ರಕ್ತದ ಆಕ್ಸಿಜನ್ ಸ್ಯಾಚುರೇಷನ್ 90ಕ್ಕಿಂತ ಇಳಿದು ಮಾನಿಟರ್ ಕೂಗಿದರೆ ಸಾಕು, ಎದೆ ಹೊಡೆದುಕೊಳ್ಳುತ್ತೆ, ಮಗಳಿಗೊಂದು ವಿಡಿಯೋ ಕಾಲ್ ಮಾಡಿಕೊಡಮ್ಮಾ ಅಂತ ಫೋನ್ ನನ್ನ ಕೈಗಿಟ್ಟ ಅಜ್ಜನ ಮುಖ ಕಣ್ಣೆದುರು ಬಂದು ನಿಲ್ಲುತ್ತೆ. ನೈಟ್ ಡ್ಯೂಟಿ ಮುಗಿಸಿ ಬಂದರೂ ನಿದ್ದೆ ಇಲ್ಲ.

ರಜೆ ಹಾಕಿ ಊರಿಗೆ ಹೋಗಿ ಬಂದೆ. ಯೋಗನೂ ಮಾಡಿದೆ. ಇನ್‌ಚಾರ್ಜ್ ಸಿಸ್ಟರ್ "ಎಲ್ಲರಿಗೂ ಇರೋದೇ ಕಣೇ" ಅಂದು ಸುಮ್ಮನಾದರು. ಮನೆಯಲ್ಲಿ ಕೆಲಸ ಬಿಡು ಅಂತಾರೆ. ಸಾಲದ ಕಂತು ಯಾರು ಕಟ್ಟೋದು?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಗೊತ್ತು, ರೋಗಿಗಳ ಮನೆಯವರಿಗೆ ನಾನೇ ಚೀಟಿಯಲ್ಲಿ ಬರೆದುಕೊಡುತ್ತೇನೆ. ಆದರೆ ನಾನು ಎರಡು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ್ದೇನೆ. ನನ್ನದು ಕಾಂಟ್ರಾಕ್ಟ್ ಕೆಲಸ. ಮಾನಸಿಕ ಚಿಕಿತ್ಸೆ ತಗೊಳ್ತಾಳೆ ಅಂತ ಗೊತ್ತಾಗಿ ರಿನ್ಯೂ ಮಾಡದಿದ್ದರೆ ಅನ್ನುವ ಭಯ.

ನರ್ಸ್‌ಗಳು ಯಾರಾದರೂ 14416ಕ್ಕೆ ಮಾತಾಡಿದ್ದೀರಾ? ಹೆಸರು, ಆಸ್ಪತ್ರೆ ಎಲ್ಲ ಹೇಳಲೇಬೇಕಾ? ಅಥವಾ ನೇರ ನಿಮ್ಹಾನ್ಸ್ ಓಪಿಡಿಗೆ ಹೋಗುವುದೇ ಒಳ್ಳೆಯದಾ? ಹೋಗಿ ಬಂದವರು ಹೇಳಿ, ಕಾಮೆಂಟ್ ಬೇಡ ಅಂದರೆ ಮೆಸೇಜ್ ಮಾಡಿ.